ಗ್ರಾಫ್ ಕಲರಿಂಗ್ (ಗೆರೆಯಿಂದ ಸೇರಿದ ಚುಕ್ಕಿಗಳಿಗೆ ಒಂದೇ ಬಣ್ಣ ಬರದ ಹಾಗೆ, ಆದಷ್ಟು ಕಮ್ಮಿ ಬಣ್ಣ ಹಚ್ಚೋದು) ಎನ್‌ಪಿ-ಹಾರ್ಡ್, ಅಂದ್ರೆ ಬೇಗ ಬಿಡಿಸೋ ದಾರಿ ಯಾರಿಗೂ ಗೊತ್ತಿಲ್ಲದ ಲೆಕ್ಕ ಅಂತಾರೆ, ಮತ್ತೆ ಇಂಟರ್ವಲ್ ಗ್ರಾಫಲ್ಲಿ ಹೇಗೆ ಅಷ್ಟು ಸುಲಭ?

ಒಂದು ಸಣ್ಣ ಲೆಕ್ಕ ಹಾಳೆ ಮೇಲೆ ಹಾಕಿ, ಕಾರಣ ಕಣ್ಣಿಗೇ ಕಾಣುತ್ತೆ. ಕಾಲೇಜಲ್ಲಿ ಐದು ಕ್ಲಾಸ್ ಇದೆ ಅನ್ಕೊಳ್ಳಿ: 9ರಿಂದ 11, 10ರಿಂದ 12, 10:30ರಿಂದ 11:30, 11ರಿಂದ 1, 12ರಿಂದ 2. ಒಂದೊಂದು ಕ್ಲಾಸೂ ಒಂದು ವರ್ಟೆಕ್ಸ್ (ಚುಕ್ಕಿ), ಟೈಮ್ ಒಂದರ ಮೇಲೊಂದು ಬಿದ್ರೆ ಎಡ್ಜ್ (ಗೆರೆ), ರೂಮ್ ನಂಬರೇ ಬಣ್ಣ; ಹೀಗೆ ಹುಟ್ಟೋದೇ ಇಂಟರ್ವಲ್ ಗ್ರಾಫ್. ಶುರುವಾಗೋ ಹೊತ್ತಿನ ಪ್ರಕಾರ ಸಾಲಾಗಿಟ್ಕೊಂಡು ಖಾಲಿ ಇರೋ ಮೊದಲ ರೂಮ್ ಕೊಡ್ತಾ ಹೋಗಿ. ಮೊದಲ ಮೂರಕ್ಕೆ 1, 2, 3 ಹೋಯ್ತು, 11ರ ಕ್ಲಾಸಿಗೆ ಆಗತಾನೇ ಖಾಲಿಯಾದ 1, 12ರದ್ದಕ್ಕೆ 2. ಮೂರೇ ರೂಮಲ್ಲಿ ಮುಗೀತು.

ಇನ್ನೂ ಕಮ್ಮಿ ಮಾಡಕ್ಕಾಗಲ್ವಾ ಅಂದ್ರೆ ಆಗಲ್ಲ, ಯಾಕಂದ್ರೆ ಹೊಸ ರೂಮ್ ಬೇಕಾಯ್ತು ಅಂದ್ರೆ ಆ ಕ್ಷಣಕ್ಕೆ ಹಳೇ ರೂಮೆಲ್ಲ ತುಂಬಿವೆ ಅಂತ ತಾನೇ, ಅಂದ್ರೆ ಆ ಕ್ಲಾಸುಗಳೆಲ್ಲ ಒಂದಕ್ಕೊಂದು ಅಡ್ಡ ಬರ್ತವೆ, ಅದೇ ಕ್ಲೀಕ್, ಕ್ಲೀಕಲ್ಲಿ ಎಷ್ಟು ವರ್ಟೆಕ್ಸೋ ಅಷ್ಟು ಬಣ್ಣ ಬೇಕೇ ಬೇಕು. ಎಂಟೆಕ್‌ನಲ್ಲಿ ಇದನ್ನ ಕೈಯಲ್ಲೇ ಬರೆದು ನೋಡಿದ ದಿನದಿಂದ ನಂಗೆ ಈ ವಿಷಯ ಅಂದ್ರೆ ಪ್ರಾಣ.

ಕೆಲಸ ಮಾಡಿದ್ದು ಆ ಸಾಲು. ಕಾರ್ಡಲ್ ಗ್ರಾಫಿಗೂ (ನಾಲ್ಕು ಅಥವಾ ಜಾಸ್ತಿ ವರ್ಟೆಕ್ಸಿನ ಯಾವ ಸೈಕಲ್ ತಗೊಂಡ್ರೂ ಮಧ್ಯೆ ಅಡ್ಡಗೆರೆ ಇರುತ್ತಲ್ಲ, ಅದು) ಇಂಥದ್ದೇ ಸಾಲಿದೆ, 1976ರಲ್ಲಿ ರೋಸ್, ಟಾರ್ಜನ್, ಲ್ಯೂಕರ್ ಅದನ್ನ ಲೀನಿಯರ್ ಟೈಮಲ್ಲಿ (ಗ್ರಾಫ್ ಎಷ್ಟು ದೊಡ್ಡದೋ ಅದರ ಲೆಕ್ಕಕ್ಕೆ ತಕ್ಕಷ್ಟೇ ಹೊತ್ತಲ್ಲಿ) ಹುಡುಕೋ ದಾರಿ ಕೊಟ್ರು.

ಈಗ ಟೈಮಿನ ಗೆರೆಯನ್ನ ಬಗ್ಗಿಸಿ ವೃತ್ತ ಮಾಡಿ. ಐದು ಜನ ಸೆಕ್ಯೂರಿಟಿಯವರು, ದಿನಾ ಅದೇ ಶಿಫ್ಟು: ರಾತ್ರಿ 12ರಿಂದ ಬೆಳಗ್ಗೆ 6, 5ರಿಂದ 11, 10ರಿಂದ ಸಂಜೆ 4, 3ರಿಂದ 9, 8ರಿಂದ ರಾತ್ರಿ 2. ಒಬ್ಬೊಬ್ಬರಿಗೂ ಖಾಯಂ ಆಗಿ ಒಂದೇ ವಾಕಿಟಾಕಿ, ಶಿಫ್ಟು ಒಂದರ ಮೇಲೊಂದು ಬೀಳದವರು ಅದನ್ನ ಹಂಚ್ಕೋಬಹುದು. ಯಾವ ಹೊತ್ತಲ್ಲಿ ನೋಡಿದ್ರೂ ಡ್ಯೂಟಿಲಿ ಇರೋದು ಜಾಸ್ತಿ ಅಂದ್ರೆ ಇಬ್ಬರೇ, ಆದ್ರೆ ಎರಡು ವಾಕಿಟಾಕಿ ಸಾಲಲ್ಲ! ಒಬ್ಬರು ಬಿಟ್ಟು ಒಬ್ಬರಿಗೆ ಕೊಡ್ತಾ ಬಂದ್ರೆ ಐದನೆಯವರ ಹತ್ರ ಸಿಕ್ಕಾಕೊಳ್ತೀರ, ಮೂರನೇದು ಬೇಕು. ಎಲ್ಲಿಂದ ಶುರು ಮಾಡ್ಬೇಕು ಅನ್ನೋಕೆ ವೃತ್ತಕ್ಕೆ ತುದಿಯೇ ಇಲ್ವಲ್ಲ. ಇದು ಸರ್ಕ್ಯುಲರ್-ಆರ್ಕ್ ಗ್ರಾಫ್, ಇದರ ಕಲರಿಂಗ್ ಮತ್ತೆ ಎನ್‌ಪಿ-ಹಾರ್ಡ್ ಅಂತ 1980ರಲ್ಲೇ ಸಾಬೀತಾಗಿದೆ.

ಆ ಐದು ಮೂಲೆಯ ಸೈಕಲನ್ನ ಮರೀಬೇಡಿ. ಗ್ರಾಫಿನ ಯಾವ ಭಾಗ ತಗೊಂಡ್ರೂ ಬಣ್ಣದ ಸಂಖ್ಯೆ ಅದರ ದೊಡ್ಡ ಕ್ಲೀಕಿಗೆ ಸಮ ಆಗಬೇಕಾದ್ರೆ ಅಡ್ಡಗೆರೆ ಇಲ್ಲದ, ಐದು, ಏಳು, ಒಂಬತ್ತು ಹೀಗೆ ಬೆಸ ಉದ್ದದ ಸೈಕಲ್ಲಾಗಲಿ ಅದರ ಕಾಂಪ್ಲಿಮೆಂಟಾಗಲಿ (ಇರೋ ಎಡ್ಜ್ ತೆಗೆದು, ಇಲ್ಲದ ಕಡೆಯೆಲ್ಲ ಎಳೆದದ್ದು) ಒಳಗೆ ಇರಬಾರದು, ಅಷ್ಟೇ ಸಾಕು ಅಂತ ಕ್ಲಾಡ್ ಬೆರ್ಜ್ 1961ರಲ್ಲಿ ಊಹಿಸಿದ್ದು. ಚುಡ್ನೋವ್‌ಸ್ಕಿ, ರಾಬರ್ಟ್‌ಸನ್, ಸೀಮೋರ್, ಥಾಮಸ್ ಸೇರಿ ಪ್ರೂಫ್ ಮುಗಿಸಿದ್ದು 2002ರಲ್ಲಿ.