ಇತಿಹಾಸ ಕೇಳಿ: ಲಕ್ಷ ಜನರ ದಂಡು ಸೋತಿದ್ದು ಹೇಗೆ?

ಪ್ರಶ್ನೆ: ಸರ್, ಚೀನಾದ ರಾಜಕುಮಾರ ಲಿ ಶಿಮಿನ್ ಬರೀ 3,500 ಮಂದಿ ಕಟ್ಟಿಕೊಂಡು ಲಕ್ಷ ಜನರ ದಂಡನ್ನು ಸೋಲಿಸಿದ ಅಂತ ಓದಿದೆ. ನಂಬಬಹುದಾ? ರಾಜನ ಮಗ ನಿಜಕ್ಕೂ ಕಾಳಗಕ್ಕೆ ಇಳಿದಿದ್ದನಾ, ಇಲ್ಲಾ ಡೇರೆಯಲ್ಲಿ ಕೂತು ಹೆಸರು ತಗೊಂಡನಾ?
— ಓದುಗರೊಬ್ಬರು, ಸೇಡಂ

ಉತ್ತರ: ಕಲಬುರಗಿಯಲ್ಲಿ ಇಷ್ಟು ವರ್ಷ ಇತಿಹಾಸ ಪಾಠ ಮಾಡಿದ ನನಗೆ ನಿಮ್ಮ ಪ್ರಶ್ನೆ ತುಂಬಾ ಹಿಡಿಸಿತು. ಸಂಖ್ಯೆ ಕಂಡರೆ ಅನುಮಾನ ಪಡಲೇಬೇಕು.

ಎರಡನೆಯದಕ್ಕೆ ಮೊದಲು ಹೇಳುತ್ತೇನೆ. ಅವನು ಮುಂದೆಯೇ ಇದ್ದ. ಚಕ್ರವರ್ತಿಯಾದ ಮೇಲೆ ತನ್ನ ಸಮಾಧಿಗೆಂದು ಆರು ಯುದ್ಧದ ಕುದುರೆಗಳನ್ನು ಕಲ್ಲಿನಲ್ಲಿ ಕೆತ್ತಿಸಿದ. ಯಾವುದಕ್ಕೆ ಎಷ್ಟು ಬಾಣ ಬಿತ್ತು ಅನ್ನೋ ಲೆಕ್ಕವೂ ಉಳಿದಿದೆ. ಒಂದಕ್ಕೆ 9. ಇನ್ನೊಂದು ಕಲ್ಲಿನಲ್ಲಿ ಸರದಾರನೊಬ್ಬ ಕುದುರೆಯ ಎದೆಯಿಂದ ಬಾಣ ಕೀಳುತ್ತಿದ್ದಾನೆ. ಈ ಎರಡೂ ಕಲ್ಲು ಈಗ ಅಮೆರಿಕದ ಫಿಲಡೆಲ್ಫಿಯಾದ ಮ್ಯೂಸಿಯಂನಲ್ಲಿವೆ. ಅವು ತಮ್ಮ ಜಾಗದಲ್ಲೇ ಇರಬೇಕಿತ್ತು.

ಇನ್ನು ಸಂಖ್ಯೆ. ಸುಯಿ ಮನೆತನ ಕುಸಿದು, ದಿಕ್ಕಿಗೊಬ್ಬ ದೊರೆ ಎದ್ದಿದ್ದ ಕಾಲ ಅದು. 618ರಲ್ಲಿ ಅಪ್ಪ ಲಿ ಯುವಾನ್ ಟಾಂಗ್ ಸಾಮ್ರಾಜ್ಯ ಶುರು ಮಾಡಿದ. 621ರಲ್ಲಿ ಮಗ ಲುವೊಯಾಂಗ್ ನಗರಕ್ಕೆ ಮುತ್ತಿಗೆ ಹಾಕಿದ್ದ. ಒಳಗಿದ್ದ ದೊರೆ ವಾಂಗ್ ಶಿಚೊಂಗ್‌ನನ್ನು ಬಿಡಿಸಲು ಪೂರ್ವದಿಂದ ಇನ್ನೊಬ್ಬ ದೊರೆ ದೋ ಜಿಯಾಂಡೆ ಆ ದೊಡ್ಡ ದಂಡಿನೊಂದಿಗೆ ಬಂದ. ಲಿ ಶಿಮಿನ್ ಮುತ್ತಿಗೆ ಸಡಿಲಿಸಲಿಲ್ಲ. ಅದನ್ನು ತಮ್ಮನ ಕೈಗೆ ಒಪ್ಪಿಸಿ, ಆಯ್ದ 3,500 ಮಂದಿಯೊಂದಿಗೆ ಹುಲಾವೊ ಕಣಿವೆಗೆ ಹೋದ. ಅಲ್ಲಿ ಅವನ ಕಡೆಯ ಕಾವಲುಪಡೆ ಆಗಲೇ ಇತ್ತು. ಹಾಗಾಗಿ 3,500 ಪೂರ್ತಿ ಲೆಕ್ಕವಲ್ಲ. ಎದುರಾಳಿಯ ಲಕ್ಷವನ್ನೂ ಗೆದ್ದವರೇ ಬರೆದಿದ್ದು, ಅಲ್ವಾ?

ನಾನು ನಂಬುವುದು ಅವನ ತಾಳ್ಮೆಯನ್ನು. ತಿಂಗಳಿಗೂ ಜಾಸ್ತಿ ಕಣಿವೆ ಬಿಟ್ಟುಕೊಡದೆ ಕೂತ. ಶತ್ರುವಿನ ದವಸದ ಸಾಗಣೆ ಮೇಲೆ ದಾಳಿ ಮಾಡಿಸಿದ. ಮೇ 28ರಂದು ಜಿಯಾಂಡೆ ಪೂರ್ತಿ ಸೈನ್ಯವನ್ನು ಸಾಲಾಗಿ ನಿಲ್ಲಿಸಿದ. ಇವನು ಆಗಲೂ ಸುಮ್ನೆ ಕಾದ. ಮೇ ಬಿಸಿಲಲ್ಲಿ ನೀರಿಲ್ಲದೆ ನಿಲ್ಲೋದು ಏನು ಅಂತ ನಮ್ಮ ಭಾಗದವರಿಗೆ ಹೇಳಬೇಕಿಲ್ಲ. ಮಧ್ಯಾಹ್ನದ ಹೊತ್ತಿಗೆ ಹಸಿದ ಸೈನಿಕರು ನೆಲಕ್ಕೆ ಕೂತರು, ನೀರಿಗೆ ಕಿತ್ತಾಡಿದರು. 300 ಸವಾರರನ್ನು ಕಳಿಸಿ ಸಾಲು ಅಲುಗಾಡುತ್ತದಾ ಅಂತ ನೋಡಿದ. ಅಲುಗಾಡಿತು. ತಾನೇ ನುಗ್ಗಿದ. ಜಿಯಾಂಡೆ ಸೆರೆಸಿಕ್ಕ, ಶಿಚೊಂಗ್ ಶರಣಾದ. ರಾಜಕುಮಾರನಿಗೆ ಆಗ 23ರ ಆಸುಪಾಸು.

ಸೆರೆಸಿಕ್ಕ ಸೈನಿಕರನ್ನು ಮನೆಗೆ ಕಳಿಸಿದರು. ಜಿಯಾಂಡೆಯನ್ನು ಮಾತ್ರ ರಾಜಧಾನಿಯಲ್ಲಿ ಕೊಂದರು. ಇದು ದೊಡ್ಡ ತಪ್ಪು ಅಂತಲೇ ನನ್ನ ಅಭಿಪ್ರಾಯ. ಅದೇ ವರ್ಷ ಅವನ ನಾಡಿನವರು ಲಿಯು ಹೈತಾನ ಹಿಂದೆ ದಂಗೆ ಎದ್ದರು. ಆ ಕುದುರೆ 9 ಬಾಣ ತಿಂದಿದ್ದು ಈ ದಂಗೆ ಅಡಗಿಸುವಾಗ.

626ರಲ್ಲಿ ಇದೇ ಲಿ ಶಿಮಿನ್ ಅರಮನೆಯ ಬಾಗಿಲಲ್ಲಿ ಅಣ್ಣನನ್ನೂ, ಲುವೊಯಾಂಗ್ ಮುತ್ತಿಗೆ ಒಪ್ಪಿಸಿದ್ದ ಆ ತಮ್ಮನನ್ನೂ ಮುಗಿಸಿದ. ಎರಡು ತಿಂಗಳಲ್ಲಿ ಅಪ್ಪ ಗದ್ದುಗೆ ಬಿಟ್ಟುಕೊಟ್ಟ. ನಮ್ಮ ಕಲಬುರಗಿಯಲ್ಲೂ 1422ರಲ್ಲಿ ಫಿರೋಜ್ ಷಾ ತಮ್ಮ ಅಹ್ಮದ್ ಷಾನ ಎದುರು ಸೋತು ಹೀಗೇ ಗದ್ದುಗೆ ಬಿಟ್ಟ. ಮುಂದೆ ಲಿ ಶಿಮಿನ್ ತನ್ನ ಬಗ್ಗೆ ಬರೆದಿದ್ದ ಆಸ್ಥಾನದ ದಾಖಲೆಯನ್ನು ತರಿಸಿಕೊಂಡು ಓದಿದ. ದೊರೆ ಹಾಗೆ ಓದುವ ಪದ್ಧತಿ ಇರಲಿಲ್ಲ. ಅವನ ಯುದ್ಧಗಳ ಲೆಕ್ಕ ನೋಡುವಾಗ ಇದನ್ನೂ ನೆನಪಿಡಿ.