ನಿಮ್ಮ ತಾಯಿಯ ಊರಿನ ಹೆಸರು

ಹುಮನಾಬಾದ್ ತಾಲ್ಲೂಕಿನ ಹಳ್ಳಿಯೊಂದರಿಂದ ಓದುಗರೊಬ್ಬರು ಬರೆದ ಕಾಗದ ಈ ತಿಂಗಳು ನನ್ನನ್ನು ಬಹಳ ಹೊತ್ತು ಹಿಡಿದಿಟ್ಟಿತು. ಅವರ ತಾಯಿಗೆ ಗರ್ಭಕೊರಳಿನ ಕ್ಯಾನ್ಸರ್, ಚಿಕಿತ್ಸೆ ಹೈದರಾಬಾದಿನಲ್ಲಿ. ಅಲ್ಲಿ ಹೆಣ್ಣುಮಗಳೊಬ್ಬರು ಫಾರಂ ಹಿಡಿದು ಬಂದು, ಊರು ಯಾವುದು, ಅಲ್ಲಿ ಎಷ್ಟು ವರ್ಷದಿಂದ ಇದ್ದೀರಿ, ತಂಬಾಕಿನ ರೂಢಿ ಇದೆಯೇ, ಫೋನ್ ನಂಬರ್ ಏನು ಎಂದೆಲ್ಲ ಬರೆದುಕೊಂಡರಂತೆ. “ಇವರು ಔಷಧ ಕೊಡುವವರೂ ಅಲ್ಲ, ಬಿಲ್ ಮಾಡುವವರೂ ಅಲ್ಲ. ನಮ್ಮ ಮನೆಯ ಸಂಕಟ ಇವರಿಗೇಕೆ? ತಂಗಿಯ ಮದುವೆ ಮಾತುಕತೆ ನಡೆದಿದೆ, ಈ ಸುದ್ದಿ ಎಲ್ಲಿಗೆ ಹೋಗುತ್ತದೋ” ಎಂದು ಕೇಳಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕಿಲ್ಲ.

ಮಾನ್ಯರೆ, ನಿಮ್ಮ ಅಂಜಿಕೆ ಸುಳ್ಳಲ್ಲ. ಬಂದವರು ತಾವು ಯಾರು, ಏಕೆ ಕೇಳುತ್ತಿದ್ದೇವೆ ಎಂದು ಮೊದಲೇ ಹೇಳಬೇಕಿತ್ತು. ಅವರದು ಕ್ಯಾನ್ಸರ್ ನೋಂದಣಿಯ, ಅಂದರೆ ಎಲ್ಲಿ ಎಷ್ಟು ಮಂದಿಗೆ ಯಾವ ಕ್ಯಾನ್ಸರ್ ಬಂತೆಂದು ಎಣಿಸಿಡುವ ಕೆಲಸವಿರಬೇಕು. ರೋಗಿಯ ಹೆಸರು ಹೊರಬೀಳದಂತೆ ಕಾಯುವುದು ಈ ಕೆಲಸದ ಮೊದಲ ಕಟ್ಟಳೆ. ಪ್ರಕಟವಾಗುವ ವರದಿಯಲ್ಲಿ ವಯಸ್ಸಿನ ಗುಂಪು, ಅಂಗ, ಲಕ್ಷ ಜನರಿಗೆ ಎಷ್ಟು ಎಂಬ ದರ ಇರುತ್ತವೆಯೇ ಹೊರತು ಯಾರ ಹೆಸರೂ ಇರುವುದಿಲ್ಲ. ಇಷ್ಟು ಹೇಳಿ, ನಾನು ಆ ಹೆಣ್ಣುಮಗಳ ಪರವಾಗಿ ನಿಲ್ಲುತ್ತೇನೆ.

ಅವರ ಪ್ರಶ್ನೆಗಳ ಧಾಟಿ ನೋಡಿದರೆ ಅವರು ಕ್ಯಾನ್ಸರ್ ನೋಂದಣಿಯವರೇ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ರಾಷ್ಟ್ರೀಯ ಕ್ಯಾನ್ಸರ್ ನೋಂದಣಿ ಕಾರ್ಯಕ್ರಮವನ್ನು 1981ರ ಡಿಸೆಂಬರಿನಲ್ಲಿ ಆರಂಭಿಸಿತು. 1982ರ ಜನವರಿಯಿಂದ ಅದರಡಿ ಬೆಂಗಳೂರು, ಬಾಂಬೆ ಮತ್ತು ಮದ್ರಾಸ್ ನಗರಗಳ ಜನಸಂಖ್ಯೆಯನ್ನೇ ಆಧಾರವಾಗಿಟ್ಟುಕೊಂಡು ಲೆಕ್ಕ ಶುರುವಾಯಿತು. ಬೆಂಗಳೂರಿನ ಹೊಣೆಯನ್ನು ಹೊತ್ತದ್ದು ಕಿದ್ವಾಯಿ ಸಂಸ್ಥೆ. ಕರ್ನಾಟಕದಂಥ ಕೆಲವು ರಾಜ್ಯಗಳು ಕ್ಯಾನ್ಸರನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗವೆಂದು ಸಾರಿದ್ದರೂ, ನಮ್ಮಲ್ಲಿ ಮಾಹಿತಿ ತಾನಾಗಿ ನೋಂದಣಿಯ ಬಾಗಿಲಿಗೆ ಬರುವುದು ಅಪರೂಪ. ಸಿಬ್ಬಂದಿಯೇ ಆಸ್ಪತ್ರೆಯ ಕಡತದ ಕೋಣೆಗೆ, ಬಯಾಪ್ಸಿ ನೋಡುವ ಪ್ರಯೋಗಾಲಯಕ್ಕೆ, ಸಾವಿನ ನೋಂದಣಿ ಕಚೇರಿಗೆ ಅಲೆದು ಒಂದೊಂದಾಗಿ ಹೆಕ್ಕಿ ತರಬೇಕು. ತಂದ ಮೇಲೆ ಪ್ರತಿ ಗೆಡ್ಡೆಗೂ ಅಂತರರಾಷ್ಟ್ರೀಯ ಸಂಕೇತ ಹಾಕಬೇಕು (ನಿಮ್ಮ ತಾಯಿಯವರದು ಸಿ 53), ಗಂಡಸಿನ ಹೆಸರಿನ ಮುಂದೆ ಗರ್ಭಕೋಶದ ರೋಗ ಬಂದಿದ್ದರೆ ಹಿಂತಿರುಗಿ ಹೋಗಿ ತಿದ್ದಬೇಕು, ಮತ್ತು ಒಬ್ಬರೇ ಮೂರು ಆಸ್ಪತ್ರೆ ತಿರುಗಿದ್ದರೆ ಮೂವರೆಂದು ಎಣಿಸದಂತೆ ಒಂದುಗೂಡಿಸಬೇಕು.

ಈ ಕೊನೆಯ ಕೆಲಸ ಎಂಥದೆಂದು ನನಗೆ ತಿಳಿದದ್ದು ನನ್ನ ಸೋದರತ್ತೆ ತೀರಿಕೊಂಡ ಮೇಲೆ. ಅವರ ಕಾಗದಗಳೆಲ್ಲ ಬಟ್ಟೆ ಅಂಗಡಿಯ ಒಂದು ಪ್ಲಾಸ್ಟಿಕ್ ಚೀಲದಲ್ಲಿದ್ದವು. ಕಲಬುರಗಿಯ ಚೀಟಿಯಲ್ಲಿ ಗಂಡನ ಹೆಸರು ಸೇರಿತ್ತು, ಸೊಲ್ಲಾಪುರದ ಮರಾಠಿ ಕಾಗದದಲ್ಲಿ ತವರಿನ ಅಡ್ಡಹೆಸರಿತ್ತು, ಹೈದರಾಬಾದಿನ ವರದಿಯಲ್ಲಿ ಎರಡೂ ಇರಲಿಲ್ಲ. ವಯಸ್ಸು ಒಂದರಲ್ಲಿ 52, ಇನ್ನೊಂದರಲ್ಲಿ 60. ಊರು ಯಾದಗಿರಿ ಜಿಲ್ಲೆಯದಾದರೂ ಹಳೆಯ ಪಡಿತರ ಚೀಟಿ ನೋಡಿ ಬರೆದವರು ಜಿಲ್ಲೆ ಗುಲ್ಬರ್ಗಾ ಎಂದೇ ಬರೆದಿದ್ದರು. ಮತ್ತೊಂದರಲ್ಲಿ ಹೈದರಾಬಾದಿನಲ್ಲಿ ಮಗ ಬಾಡಿಗೆಗಿದ್ದ ಕೋಣೆಯ ವಿಳಾಸವಿತ್ತು. ಇವೆಲ್ಲ ಒಬ್ಬಳೇ ಹೆಂಗಸು ಎಂದು ಯಾರು ಹೇಗೆ ಗುರುತಿಸಬೇಕು? ನೀವು ಬೇಸರಪಟ್ಟುಕೊಂಡ “ಎಷ್ಟು ವರ್ಷದಿಂದ ಇದ್ದೀರಿ” ಎಂಬ ಪ್ರಶ್ನೆ ಹುಟ್ಟಿದ್ದು ಇಲ್ಲಿಯೇ. ಕನಿಷ್ಠ ಒಂದು ವರ್ಷ ನೆಲೆಸಿದವರನ್ನಷ್ಟೇ ಆ ಪ್ರದೇಶದ ನೋಂದಣಿ ತನ್ನವರೆಂದು ಎಣಿಸುತ್ತದೆ.

ಹಾಗಾದರೆ ನಿಮ್ಮ ತಾಯಿ ಯಾರವರು? ಹೈದರಾಬಾದಿನ ಜನಸಂಖ್ಯೆಯ ಲೆಕ್ಕಕ್ಕೆ ಅವರು ಸೇರುವುದಿಲ್ಲ. ಆಸ್ಪತ್ರೆಯ ನೋಂದಣಿಯಲ್ಲಿ ಸೇರಬಹುದು, ಆದರೆ ಆಸ್ಪತ್ರೆಗೆ ಎಲ್ಲೆಲ್ಲಿಂದಲೋ ಜನ ಬರುವುದರಿಂದ ಆ ಸಂಖ್ಯೆಯನ್ನು ಯಾವ ಊರಿನ ಜನಸಂಖ್ಯೆಯಿಂದ ಭಾಗಿಸಿ ದರ ತೆಗೆಯುವುದು? 2020ರಲ್ಲಿ ಬಂದ ರಾಷ್ಟ್ರೀಯ ವರದಿಯಲ್ಲಿ ಜನಸಂಖ್ಯೆ ಆಧಾರಿತ ನೋಂದಣಿಗಳು 28 ಇದ್ದವು; ಕರ್ನಾಟಕದಿಂದ ಬೆಂಗಳೂರು ಒಂದೇ. ಮಹಾರಾಷ್ಟ್ರದಿಂದಾದರೋ ಉಸ್ಮಾನಾಬಾದ್ (ಈಗ ಧಾರಾಶಿವ) ಮತ್ತು ಬೀಡ್ ಜಿಲ್ಲೆಗಳೂ ಬಾರ್ಶಿಯ ಹಳ್ಳಿಗಳೂ ಇದ್ದವು. ಬಸವಕಲ್ಯಾಣ ದಾಟಿದರೆ ಸಿಗುವ ಉಮರ್ಗಾ ಇದೇ ಉಸ್ಮಾನಾಬಾದ್ ಜಿಲ್ಲೆಯದು. ಅದೇ ಕಪ್ಪು ಮಣ್ಣು, ಅದೇ ಜೋಳದ ರೊಟ್ಟಿ, 1956ರವರೆಗೆ ಅದೇ ಹೈದರಾಬಾದ್ ರಾಜ್ಯ. ಗಡಿಯಾಚೆಯ ತಾಯಿ ಆ ವರದಿಯಲ್ಲಿ ಎಣಿಕೆಗೆ ಸಿಕ್ಕಿದಳು, ಈಚೆಯವಳು ಸಿಗಲಿಲ್ಲ.

ಎಣಿಸಿದ್ದರಿಂದ ಏನಾಯಿತು ಎಂದು ನೀವು ಕೇಳಬಹುದು. ಬಾರ್ಶಿಯಲ್ಲಿ 1987ರಲ್ಲಿ ದೇಶದ ಮೊದಲ ಗ್ರಾಮೀಣ ನೋಂದಣಿ ಆರಂಭವಾದಾಗ ಕಾರ್ಯಕರ್ತರು ಹಳ್ಳಿ ಹಳ್ಳಿಗೆ ಹೋಗಿ ಜನರೊಡನೆ ಕುಳಿತು, ರೋಗದ ಲಕ್ಷಣ ತಿಳಿಸುತ್ತಲೇ ಲೆಕ್ಕ ಬರೆದರು. ಅಲ್ಲಿನ ಹೆಂಗಸರಲ್ಲಿ ನಿಮ್ಮ ತಾಯಿಗೆ ಬಂದ ರೋಗವೇ ಮುಂದಿದೆ ಎಂಬುದು ಅದರಿಂದ ಖಚಿತವಾಯಿತು. ಮುಂದೆ ಉಸ್ಮಾನಾಬಾದ್ ಜಿಲ್ಲೆಯಲ್ಲಿ 1,31,746 ಹೆಂಗಸರನ್ನು ಒಳಗೊಂಡ ಅಧ್ಯಯನ ನಡೆಯಿತು. ಈ ರೋಗ ತರುವ ವೈರಾಣುವನ್ನು ಪತ್ತೆ ಮಾಡುವ ಎಚ್‌ಪಿವಿ ಪರೀಕ್ಷೆಯನ್ನು ಒಂದೇ ಬಾರಿ ಮಾಡಿದ ಗುಂಪಿನಲ್ಲಿ ಗರ್ಭಕೊರಳಿನ ಕ್ಯಾನ್ಸರಿನ ಸಾವು ಸುಮಾರು ಅರ್ಧಕ್ಕೆ ಇಳಿದಿದೆ ಎಂದು 2009ರಲ್ಲಿ ಪ್ರಕಟವಾಯಿತು. ಹೋಲಿಕೆಗೆಂದು ಇಟ್ಟು, ತಪಾಸಣೆ ಸಿಗದೆ ಉಳಿದ ಗುಂಪಿನ ಬಗ್ಗೆ ನೈತಿಕ ಆಕ್ಷೇಪಗಳೂ ಎದ್ದವು, ಅವು ನ್ಯಾಯವಾದವೇ. ಆದರೆ ಯಾರು ಬದುಕಿದರು, ಯಾರು ಉಳಿಯಲಿಲ್ಲ ಎಂದು ಹಳ್ಳಿಯ ಮಟ್ಟದಲ್ಲಿ ಬರೆದಿಡುವವರು ಇರದಿದ್ದರೆ ಆ ಫಲಿತಾಂಶವೇ ಕೈಗೆ ಬರುತ್ತಿರಲಿಲ್ಲ.

ನಮ್ಮ ಭಾಗದಲ್ಲಿ ಸಾವೂ ಸರಿಯಾಗಿ ದಾಖಲಾಗುವುದಿಲ್ಲವೆಂಬುದು ನನ್ನ ಹಳೆಯ ಕೊರಗು. ಸೋದರತ್ತೆಗೆ ಎರಡು ವರ್ಷ ಬಾಯಿ ಕ್ಯಾನ್ಸರ್ ಇತ್ತು. ಸಾವಿನ ಕಾರಣದ ಕಾಗದದಲ್ಲಿ ಬರೆದದ್ದು ಹೃದಯ ನಿಂತದ್ದು ಎಂದು. ಯಾರ ಹೃದಯ ತಾನೇ ನಿಲ್ಲದೆ ಇರುತ್ತದೆ? ಆ ಒಂದು ಸಾಲಿನಿಂದ ನೋಂದಣಿಯ ಪಾಲಿಗೆ ಅವರ ಜಾಡು ತಪ್ಪಿತು. ಯಾವ ಸರ್ವೆ ನಂಬರಿನಲ್ಲಿ ಎಷ್ಟು ತೊಗರಿ ಬಿತ್ತಿದ್ದಾರೆಂದು ಹೊಲಕ್ಕೆ ಬಂದು ಫೋಟೊ ಹಿಡಿದು ಬರೆದುಕೊಳ್ಳುತ್ತಾರೆ, ನಾವೂ ನಿಂತು ಬರೆಸುತ್ತೇವೆ. ನಮ್ಮ ಭಾಗಕ್ಕೆ ವಿಶೇಷ ಮೀಸಲಾತಿ ಕೊಟ್ಟ ಸಂವಿಧಾನದ 371(ಜೆ) ವಿಧಿ ಬಂದ ಮೇಲೆ ಸೀಟು, ಹುದ್ದೆಗಳ ಲೆಕ್ಕವನ್ನು ಬೆರಳ ತುದಿಯಲ್ಲಿ ಇಟ್ಟುಕೊಂಡಿದ್ದೇವೆ. ಬೀದರ, ಕಲಬುರಗಿ, ಯಾದಗಿರಿಗಳಲ್ಲಿ ಹೊಸದಾಗಿ ಎಷ್ಟು ಮಂದಿಗೆ ಕ್ಯಾನ್ಸರ್ ಬಂತೆಂದು ಹಳ್ಳಿವಾರು ಎಣಿಸಿರೆಂದು ಮನವಿ ಹಿಡಿದು ಹೋದ ಮೆರವಣಿಗೆಯನ್ನು ಮಾತ್ರ ನಾನು ಕಂಡಿಲ್ಲ.

ನೀವು ಚೆನ್ನಾಗಿ ಬರೆಯಬಲ್ಲವರು, ಆದ್ದರಿಂದ ನಿಮ್ಮಲ್ಲಿ ಒಂದು ಕೋರಿಕೆ. ಮುಂದಿನ ಸಲ ಹೈದರಾಬಾದಿಗೆ ಹೋದಾಗ ತಾಯಿಯ ಬಯಾಪ್ಸಿ ವರದಿಯಲ್ಲಿ ಹೆಸರು, ವಯಸ್ಸು, ಹಳ್ಳಿ, ತಾಲ್ಲೂಕು, ಜಿಲ್ಲೆ ಸರಿಯಾಗಿವೆಯೇ ಎಂದು ನೋಡಿರಿ. ತಪ್ಪಿದ್ದರೆ ಆ ಫಾರಂ ಹಿಡಿದ ಹೆಣ್ಣುಮಗಳನ್ನು ಹುಡುಕಿ, ಎದುರಿಗೇ ತಿದ್ದಿಸಿರಿ. ತಾಯಿಯವರಿಗೆ ನನ್ನ ನಮಸ್ಕಾರ ತಿಳಿಸಿರಿ.

ಸಂಪಾದಕ