ಕಿರುಚಾಟದ ಹಿಂದೆ ಒಂದು ಕಾಡಿದೆ

ಪತ್ರ: ಹೋದ ಸಂಚಿಕೆಯಲ್ಲಿ ನೀವು ಅಮೆರಿಕದ ‘ವುಲ್ವ್ಸ್ ಇನ್ ದ ಥ್ರೋನ್ ರೂಮ್’ ಬ್ಯಾಂಡನ್ನು ಹೊಗಳಿದ್ದಿರಿ. ಮಗನ ಹೆಡ್‌ಫೋನ್ ಹಾಕಿಕೊಂಡು ಕೇಳಿದೆ. ಬರೀ ಕಿರುಚಾಟ, ಒಂದು ಮಾತೂ ತಿಳಿಯಲಿಲ್ಲ. ಇದರಲ್ಲಿ ಸಂಗೀತ ಎಲ್ಲಿದೆ? ಚರ್ಚುಗಳಿಗೆ ಬೆಂಕಿ ಇಟ್ಟವರ ಹಾಡು ಇದೇ ಅಲ್ವಾ? ಮಗ ಇದನ್ನು ಕೇಳುತ್ತಿದ್ದರೆ ಸುಮ್ನೆ ಇರಬೇಕೇ?
– ಮೈಸೂರಿನ ಓದುಗರೊಬ್ಬರು

ಸಂಪಾದಕರ ಉತ್ತರ:

ನಮಸ್ಕಾರ. ಮಗನನ್ನು ಗದರಿಸುವ ಮೊದಲು ನೀವೇ ಕೂತು ಕೇಳಿದಿರಿ. ತುಂಬ ಸಂತೋಷವಾಯಿತು. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ಮೊದಲು ಬೆಂಕಿಯ ವಿಷಯ. ಅದು ನಡೆದದ್ದು ನಾರ್ವೆಯಲ್ಲಿ. ನೀವು ಕೇಳಿದ ಈ ಕಿರುಚು ದನಿ, ಅತಿವೇಗದ ಗಿಟಾರಿನ ಶೈಲಿಗೆ ಬ್ಲ್ಯಾಕ್ ಮೆಟಲ್ ಎಂದು ಹೆಸರು. 1990ರ ದಶಕದ ಶುರುವಿನಲ್ಲಿ ಅಲ್ಲಿನ ಬ್ಲ್ಯಾಕ್ ಮೆಟಲ್ ಬಳಗದ ಕೆಲವರು ಚರ್ಚುಗಳನ್ನು ಸುಟ್ಟರು. 1993ರಲ್ಲಿ ಒಬ್ಬ ಗಿಟಾರ್ ವಾದಕನ ಕೊಲೆಯೂ ಆಯಿತು. ಅದನ್ನು ಮುಚ್ಚಿಟ್ಟು ಈ ಸಂಗೀತವನ್ನು ಹೊಗಳಲು ನನಗೆ ಮನಸ್ಸಿಲ್ಲ. ಆದರೆ ಆರನ್ ಮತ್ತು ನೇಥನ್ ವೀವರ್ ಎಂಬ ಅಣ್ಣತಮ್ಮಂದಿರು ವಾಷಿಂಗ್ಟನ್ ರಾಜ್ಯದ ಒಲಿಂಪಿಯಾದಲ್ಲಿ ಬ್ಯಾಂಡ್ ಕಟ್ಟಿದ್ದು ಅದಾಗಿ ಸುಮಾರು ಹತ್ತು ವರ್ಷದ ಮೇಲೆ. ನಾರ್ವೆಯವರ ನುಡಿಸುವ ರೀತಿಯನ್ನು ಅವರು ಕಲಿತರು. ಹಾಡಲು ತಮ್ಮ ಊರಿನ ಕಾಡನ್ನೇ ಆರಿಸಿಕೊಂಡರು.

ಅದು ಎಂಥ ಕಾಡು ಗೊತ್ತೇ? ಪೆಸಿಫಿಕ್ ಸಮುದ್ರದ ಮೋಡ ಒಲಿಂಪಿಕ್ ಬೆಟ್ಟಗಳಿಗೆ ತಗುಲಿ ತಿಂಗಳುಗಟ್ಟಲೆ ಸುರಿಯುತ್ತದೆ. ನೂರಾರು ವರ್ಷದ ಮರಗಳ ಮೈತುಂಬ ಹಾವಸೆ. ಆ ಭಾಗದ ಹಳೆಯ ಕಾಡಿನಲ್ಲಿ ಬಹುಪಾಲು ಗರಗಸಕ್ಕೆ ಸಿಕ್ಕಿ ಹೋಗಿದೆ. ನೀವು ಕೇಳಿದ ಕಿರುಚಾಟದಲ್ಲಿ ನನಗೆ ಕೇಳಿಸುವುದು ಆ ಕಾಡಿನ ಮೇಲಿನ ಪ್ರೀತಿ, ಅದು ಹೋಗುತ್ತಿದೆ ಎಂಬ ಸಂಕಟ.

ಇನ್ನು ಸಂಗೀತ ಎಲ್ಲಿದೆ ಎಂದಿರಿ. ಮಾತು ಹುಡುಕಬೇಡಿ. ಇಲ್ಲಿ ದನಿಯೂ ಒಂದು ವಾದ್ಯ, ಅದನ್ನು ಬೇಕೆಂದೇ ಗಿಟಾರುಗಳ ನಡುವೆ ಹುದುಗಿಸುತ್ತಾರೆ. ಗಿಟಾರಿನಲ್ಲಿ ಒಂದೇ ತಂತಿಯನ್ನು ಮೇಲೆ ಕೆಳಗೆ ಅತಿ ವೇಗವಾಗಿ ಮೀಟುತ್ತಾರೆ. ಆಗ ಬಿಡಿ ಸ್ವರಗಳು ಕಾಣೆಯಾಗಿ ಒಂದೇ ಸಮನೆ ಹರಿಯುವ ನಾದವಾಗುತ್ತದೆ. ಡ್ರಮ್ಸ್ ಕೂಡ ಅಷ್ಟೇ ವೇಗ. ತಮಾಷೆ ಏನೆಂದರೆ, ವೇಗ ಇಷ್ಟು ಜಾಸ್ತಿಯಾದಾಗ ಕಿವಿಗೆ ಅದು ನಿಧಾನವಾಗಿ ಕೇಳುತ್ತದೆ! ಹೆಂಚಿನ ಮೇಲೆ ಜಡಿಮಳೆ ಬೀಳುವಾಗ ನಾವು ಹನಿ ಎಣಿಸುವುದಿಲ್ಲ, ಅಲ್ವಾ? ಆ ನಾದದ ಅಡಿಯಲ್ಲಿ ರಾಗ ತುಂಬ ಸಾವಕಾಶವಾಗಿ ತಿರುಗುತ್ತದೆ. ಹಾಡು ಹತ್ತು, ಹದಿನೆಂಟು ನಿಮಿಷ ಇರುವುದು ಅದಕ್ಕೇ. ಮೂರು ನಿಮಿಷಕ್ಕೆ ನಿಲ್ಲಿಸಿದರೆ ತಿರುವು ಸಿಗುವುದೇ ಇಲ್ಲ. ನಾನೂ ಮೊದಲ ಸಲ ಅರ್ಧಕ್ಕೇ ಬಿಟ್ಟಿದ್ದೆ.

ಮೊದಲ ಆಲ್ಬಂ 2006ರದು. ಮರುವರ್ಷ ಬಂದ ‘ಟೂ ಹಂಟರ್ಸ್’ ನನ್ನ ಪಾಲಿಗೆ ಅವರ ಅತ್ಯುತ್ತಮ ಕೆಲಸ. ಇರುವುದು ನಾಲ್ಕೇ ಹಾಡು. ಮೂರನೆಯದರಲ್ಲಿ ಜೆಸಿಕಾ ಕೆನ್ನಿ ಎಂಬ ಗಾಯಕಿಯ ತಿಳಿಯಾದ ದನಿ ಮೊದಲು ಬರುತ್ತದೆ, ಬಿರುಗಾಳಿ ಆಮೇಲೆ. ಆ ದನಿ ಕೇಳಿದ ಮೇಲೆ ಬಿರುಗಾಳಿಯ ಅರ್ಥವೇ ಬದಲಾಗುತ್ತದೆ. 2009ರ ‘ಬ್ಲ್ಯಾಕ್ ಕ್ಯಾಸ್ಕೇಡ್’ ಒರಟು, ಅಲಂಕಾರ ಕಡಿಮೆ. 2011ರ ‘ಸೆಲೆಸ್ಟಿಯಲ್ ಲಿನಿಯೇಜ್’ನಲ್ಲಿ ಕೆನ್ನಿ ಮತ್ತೆ ಹಾಡಿದರು. 2014ರಲ್ಲಿ ಡ್ರಮ್ಸ್, ಕಿರುಚು ಎರಡನ್ನೂ ಬಿಟ್ಟು ಹೆಚ್ಚಾಗಿ ಸಿಂಥಸೈಜರ್ ಎಂಬ ಎಲೆಕ್ಟ್ರಾನಿಕ್ ವಾದ್ಯದ ಮೇಲೆಯೇ ನಿಂತ ಆಲ್ಬಂ ಮಾಡಿದರು. ಹಳೆಯ ಅಭಿಮಾನಿಗಳಲ್ಲಿ ಹಲವರಿಗೆ ಅದು ಹಿಡಿಸಲಿಲ್ಲ. ನನಗೆ ಹಿಡಿಸಿತು: ಮಳೆ ನಿಂತ ಮೇಲಿನ ಕಾಡು ಅದು. 2017ರ ‘ಥ್ರೈಸ್ ವೋವನ್’ನಲ್ಲಿ ಮತ್ತೆ ಗಿಟಾರಿನ ಬಿರುಸಿಗೆ ಮರಳಿದರು. 2021ರದನ್ನು ತಮ್ಮದೇ ಸ್ಟುಡಿಯೋದಲ್ಲಿ ಮಾಡಿಕೊಂಡರು.

ಮಗನ ವಿಷಯಕ್ಕೆ ಬಂದರೆ, ಅವನು ಈ ಬ್ಯಾಂಡ್ ಕೇಳುವುದರಲ್ಲಿ ನನಗೆ ಭಯ ಕಾಣುವುದಿಲ್ಲ. ಆದರೆ ಇದೇ ಶೈಲಿಯಲ್ಲಿ ಜನಾಂಗದ್ವೇಷ ಹಾಡುವ ಬ್ಯಾಂಡುಗಳೂ ಇವೆ. ಯಾವುದನ್ನು ಕೇಳುತ್ತಿದ್ದಾನೆ, ಅವರು ಯಾರು, ಏನು ಹೇಳುತ್ತಾರೆ ಎಂದು ಕೇಳಿ. ನಾರ್ವೆಯ ಕತೆಯನ್ನೂ ನೀವೇ ಹೇಳಿ. ಆಮೇಲೆ ‘ಟೂ ಹಂಟರ್ಸ್’ನ ಆ ಮೂರನೆಯ ಹಾಡನ್ನು ಹೆಡ್‌ಫೋನ್ ತೆಗೆದು, ಸ್ಪೀಕರಿನಲ್ಲಿ, ಇಬ್ಬರೂ ಕೂತು ಪೂರ್ತಿ ಕೇಳಿ. ಹೇಗಿತ್ತು ಅಂತ ಬರೆಯಿರಿ. ಈ ಸಲ ಮಗನ ಕೈಯಲ್ಲೂ ನಾಲ್ಕು ಸಾಲು ಬರೆಸಿ.